ಬ್ರೇವ್ ವರ್ಗದ ವೇಗದ ಗಸ್ತು ದೋಣಿಗಳು

ಬ್ರೇವ್ ವರ್ಗದ ವೇಗದ ಗಸ್ತು ದೋಣಿಗಳು ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ರಾಯಲ್ ನೇವಿಗಾಗಿ ನಿರ್ಮಾಣಗೊಂಡ ಒಂದು ಜೋಡಿ ಯುದ್ಧದೋಣಿಗಳು. ಬ್ರೇವ್ ಬಾರ್ಡರರ್ (ಪಿ 1011) ಮತ್ತು ಬ್ರೇವ್ ಸೋರ್ಡ್ಸ್‌ಮನ್ (ಪಿ 1012) ಎಂಬ ಹೆಸರಿನ ಇವುಗಳನ್ನು ಪೋರ್ಟ್ಸ್‌ಮತ್‌ನ ವಾಸ್ಪರ್ ಕಂಪನಿಯು ನಿರ್ಮಿಸಿತು. ಎರಡೂ 1958ರಲ್ಲಿ ನೀರಿಗಿಳಿದು 1960ರಲ್ಲಿ ಸೇವೆಗೆ ಸೇರಿದವು. ಮೂರು ಅನಿಲ ಟರ್ಬೈನ್‌ಗಳ ಬಲದಿಂದ ಇವು 52 ನಾಟ್, ಅಂದರೆ ಗಂಟೆಗೆ ಸುಮಾರು 96 ಕಿಲೋಮೀಟರ್ ವೇಗವನ್ನು ಮುಟ್ಟುತ್ತಿದ್ದವು. ತಮ್ಮ ಕಾಲದ ಅತಿವೇಗದ ಯುದ್ಧನೌಕೆಗಳಲ್ಲಿ ಇವುಗಳನ್ನು ಎಣಿಸಲಾಗುತ್ತದೆ. ಈ ದೋಣಿಗಳು ಶತ್ರುವಿನ ಮೇಲೆ ಟಾರ್ಪಿಡೊ ಬಿಟ್ಟ ಸಂದರ್ಭ ಒಂದೂ ಇಲ್ಲ. ಇವುಗಳಲ್ಲಿ ಮೊದಲನೆಯದಾದ ಬ್ರೇವ್ ಬಾರ್ಡರರ್ ಇಂದು ‘ವಾರ್ ಥಂಡರ್’ ಎಂಬ ಅಂತರಜಾಲ ವಿಡಿಯೊ ಆಟದಲ್ಲಿ ಬ್ರಿಟಿಷ್ ಕರಾವಳಿ ನೌಕೆಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ನಿಜ ಜೀವನದಲ್ಲಿ ಅದಕ್ಕೆ ಒದಗದ ಕದನಗಳು ಅಲ್ಲಿ ನಿತ್ಯವೂ ನಡೆಯುತ್ತವೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ಮತ್ತು ಉತ್ತರ ಸಮುದ್ರಗಳಲ್ಲಿ ಬ್ರಿಟಿಷರ ಮೋಟಾರು ಟಾರ್ಪಿಡೊ ದೋಣಿಗಳೂ ಮೋಟಾರು ಗನ್ ದೋಣಿಗಳೂ ಜರ್ಮನರ ಟಾರ್ಪಿಡೊ ದೋಣಿಗಳೊಡನೆ ರಾತ್ರಿಯ ಹೊತ್ತು ಸೆಣಸುತ್ತಿದ್ದವು. ಬ್ರಿಟಿಷ್ ದೋಣಿಗಳ ದೊಡ್ಡ ದೌರ್ಬಲ್ಯವೆಂದರೆ ಪೆಟ್ರೋಲ್ ಎಂಜಿನ್. ಮರದ ಒಡಲಿನೊಳಗೆ ಸಾವಿರಾರು ಲೀಟರ್ ಪೆಟ್ರೋಲನ್ನು ತುಂಬಿಕೊಂಡು ಗುಂಡಿನ ಮಳೆಗೆ ಎದುರಾಗುವುದು ನಾವಿಕರ ಪಾಲಿಗೆ ಪ್ರತಿ ರಾತ್ರಿಯ ಜೂಜಾಗಿತ್ತು. ಜರ್ಮನರ ದೋಣಿಗಳು ಡೀಸೆಲ್ ಎಂಜಿನ್ ಹೊಂದಿದ್ದವು. ಡೀಸೆಲ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ಯುದ್ಧ ಮುಗಿದ ಮೇಲೆ ರಾಯಲ್ ನೇವಿಯು ಟಾರ್ಪಿಡೊ ದೋಣಿ ಮತ್ತು ಗನ್ ದೋಣಿ ಎಂಬ ಭೇದವನ್ನು ಕೈಬಿಟ್ಟು, ಅಗತ್ಯಕ್ಕೆ ತಕ್ಕಂತೆ ಶಸ್ತ್ರ ಬದಲಿಸಬಹುದಾದ ಒಂದೇ ಬಗೆಯ ದೋಣಿಯನ್ನು ‘ವೇಗದ ಗಸ್ತು ದೋಣಿ’ ಎಂದು ಕರೆಯತೊಡಗಿತು. ಈ ಹೊಸ ವರ್ಗಗಳ ಹೆಸರಿಡುವ ಕ್ರಮ ಸ್ವಾರಸ್ಯಕರವಾಗಿದೆ. ಒಂದು ವರ್ಗದ ಎಲ್ಲ ದೋಣಿಗಳ ಹೆಸರಿನ ಮೊದಲ ಪದ ಒಂದೇ. ಎರಡನೆಯ ಪದ ಮಾತ್ರ ಬೇರೆ. ಹೀಗೆ ಗೇ, ಬೋಲ್ಡ್, ಡಾರ್ಕ್, ಬ್ರೇವ್ ಎಂಬ ನಾಲ್ಕು ಕುಟುಂಬಗಳು ಹುಟ್ಟಿದವು. ಹನ್ನೆರಡು ದೋಣಿಗಳ ಗೇ ವರ್ಗವು ಇನ್ನೂ ಪೆಟ್ರೋಲನ್ನೇ ನೆಚ್ಚಿಕೊಂಡಿತ್ತು. ಡಾರ್ಕ್ ವರ್ಗವು ನೇಪಿಯರ್ ಕಂಪನಿಯ ಡೆಲ್ಟಿಕ್ ಡೀಸೆಲ್ ಎಂಜಿನ್‌ಗಳಿಗೆ ತಿರುಗಿತು. ಅದರ ವೇಗ ಸುಮಾರು 40 ನಾಟ್.

ಅನಿಲ ಟರ್ಬೈನಿನ ದಾರಿ ಇದಕ್ಕೆ ಸಮಾನಾಂತರವಾಗಿ ಸಾಗಿತ್ತು. 1947ರ ಜುಲೈನಲ್ಲಿ ಎಂ.ಜಿ.ಬಿ. 2009 ಎಂಬ ಹಳೆಯ ಗನ್ ದೋಣಿಯಲ್ಲಿ ಮೆಟ್ರೊಪಾಲಿಟನ್ ವಿಕರ್ಸ್ ಸಂಸ್ಥೆಯ ‘ಗ್ಯಾಟ್ರಿಕ್’ ಟರ್ಬೈನನ್ನು ಕೂರಿಸಿ ಕಡಲಿನಲ್ಲಿ ಓಡಿಸಲಾಯಿತು. ಅನಿಲ ಟರ್ಬೈನಿನಿಂದ ನಡೆದ ಜಗತ್ತಿನ ಮೊದಲ ನೌಕೆ ಅದು. ಬಳಿಕ ಬೋಲ್ಡ್ ವರ್ಗದ ಎರಡು ಪ್ರಾಯೋಗಿಕ ದೋಣಿಗಳಲ್ಲಿ ಟರ್ಬೈನ್ ಮತ್ತು ಡೀಸೆಲ್ ಎರಡನ್ನೂ ಒಟ್ಟಿಗೆ ಬಳಸಲಾಯಿತು. ಆ ಎರಡರಲ್ಲಿ ಒಂದರ ತಳ ದುಂಡಗೆ, ಇನ್ನೊಂದರದು ಕೋನಾಕಾರ. ಯಾವ ಆಕಾರ ಕಡಲಿಗೆ ಹೆಚ್ಚು ಒಗ್ಗುತ್ತದೆ ಎಂಬುದನ್ನು ಅಕ್ಕಪಕ್ಕದಲ್ಲಿ ಓಡಿಸಿ ನೋಡುವುದು ಇದರ ಉದ್ದೇಶವಾಗಿತ್ತು. ಈ ಪ್ರಯೋಗಗಳ ಫಲವೇ ಬ್ರೇವ್ ವರ್ಗ.

ವಿನ್ಯಾಸ

ಈ ದೋಣಿಗಳ ಹಿಂದಿದ್ದವರು ವಾಸ್ಪರ್ ಕಂಪನಿಯ ಮುಖ್ಯಸ್ಥ ಕಮಾಂಡರ್ ಪೀಟರ್ ಡು ಕೇನ್. ನೌಕಾಪಡೆಯಿಂದ ಬಂದ ಈ ಎಂಜಿನಿಯರು ವೇಗದ ದೋಣಿಗಳ ವಿಷಯದಲ್ಲಿ ತಮ್ಮ ಕಾಲದ ದೊಡ್ಡ ಅಧಿಕಾರವಾಣಿಯಾಗಿದ್ದರು. ಮಾಲ್ಕಮ್ ಕ್ಯಾಂಪ್‌ಬೆಲ್ 1939ರಲ್ಲಿ ಜಲವೇಗದ ವಿಶ್ವದಾಖಲೆ ನಿರ್ಮಿಸಿದ ‘ಬ್ಲೂಬರ್ಡ್ ಕೆ 4’ ದೋಣಿ ವಾಸ್ಪರ್ ಕಟ್ಟೆಯಿಂದಲೇ ಬಂದುದು. 1952ರಲ್ಲಿ ಲಾಕ್ ನೆಸ್ ಸರೋವರದಲ್ಲಿ ದಾಖಲೆಯ ಯತ್ನದ ವೇಳೆ ಒಡೆದು ಚೂರಾಗಿ, ಚಾಲಕ ಜಾನ್ ಕಾಬ್ ಅವರ ಪ್ರಾಣ ತೆಗೆದ ‘ಕ್ರುಸೇಡರ್’ ಕೂಡ ಅಲ್ಲಿಯದೇ. ವೇಗದ ದೋಣಿಯ ಒಡಲಿಗೆ ಅಲೆಗಳು ಏನು ಮಾಡಬಲ್ಲವು ಎಂಬುದನ್ನು ಈ ಕಂಪನಿಯು ಪುಸ್ತಕದಿಂದಷ್ಟೇ ಕಲಿತಿರಲಿಲ್ಲ.

ಬ್ರೇವ್ ದೋಣಿಯ ಉದ್ದ ಸುಮಾರು 30 ಮೀಟರ್, ಅಗಲ ಸುಮಾರು 7.7 ಮೀಟರ್. ಪೂರ್ಣ ಭಾರದಲ್ಲಿ ಅದು ಸುಮಾರು 114 ಟನ್ ತೂಗುತ್ತಿತ್ತು. ಸಿಬ್ಬಂದಿ ಇಪ್ಪತ್ತು ಮಂದಿ. ಅಲ್ಯೂಮಿನಿಯಮ್ ಮಿಶ್ರಲೋಹದ ಚೌಕಟ್ಟಿನ ಮೇಲೆ ಮಹಾಗನಿ ಮರದ ಹಲಗೆಗಳನ್ನು ಅಂಟಿಸಿ ಒಡಲನ್ನು ರೂಪಿಸಲಾಗಿತ್ತು. ರಕ್ಷಣೆಗೆಂದು ಉಕ್ಕಿನ ಕವಚ ಹೊದಿಸುವ ಮಾತೇ ಇರಲಿಲ್ಲ, ಏಕೆಂದರೆ ಇಂಥ ದೋಣಿಗೆ ತೂಕವೇ ಮೊದಲ ಶತ್ರು. ನಿಧಾನವಾಗಿ ಸಾಗುವ ಹಡಗು ನೀರನ್ನು ಸೀಳಿಕೊಂಡು ಹೋಗುತ್ತದೆ. ಕೋನಾಕಾರದ ತಳವುಳ್ಳ ವೇಗದ ದೋಣಿಯಾದರೋ ಒಂದು ಹಂತದ ನಂತರ ಮೂಗನ್ನೆತ್ತಿ ನೀರಿನ ಮೇಲೆ ಜಾರತೊಡಗುತ್ತದೆ. ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದಾಗ ಅದು ಮುಳುಗದೆ ಪುಟಿಯುತ್ತಾ ಹೋಗುವುದಕ್ಕೂ ಇದಕ್ಕೂ ತತ್ತ್ವ ಒಂದೇ. ನೂರು ಟನ್ನಿನ ದೋಣಿಯನ್ನು ಹಾಗೆ ಮೇಲೆತ್ತಿ ಹಿಡಿಯಲು ಅಪಾರ ಶಕ್ತಿ ಬೇಕು, ಆ ಶಕ್ತಿಯನ್ನು ಕೊಡುವ ಎಂಜಿನ್ ಹಗುರವಾಗಿರಲೂ ಬೇಕು.

ಎಂಜಿನ್

ಈ ಎರಡು ಬೇಡಿಕೆಗಳನ್ನೂ ಒಟ್ಟಿಗೆ ಪೂರೈಸಿದ್ದು ವಿಮಾನದಿಂದ ಬಂದ ಎಂಜಿನ್. ಬ್ರಿಸ್ಟಲ್ ಬ್ರಿಟಾನಿಯ ಎಂಬ ಪ್ರಯಾಣಿಕ ವಿಮಾನಕ್ಕೆಂದು ರೂಪುಗೊಂಡಿದ್ದ ‘ಪ್ರೋಟಿಯಸ್’ ಟರ್ಬೊಪ್ರಾಪ್ ಎಂಜಿನನ್ನು ಕಡಲಿಗೆ ಹೊಂದುವಂತೆ ಮಾರ್ಪಡಿಸಿ, ತಲಾ 3,500 ಅಶ್ವಶಕ್ತಿಯ ಮೂರು ಎಂಜಿನ್‌ಗಳನ್ನು ಪ್ರತಿ ದೋಣಿಯಲ್ಲೂ ಕೂರಿಸಲಾಯಿತು. ಒಟ್ಟು 10,500 ಅಶ್ವಶಕ್ತಿ, ಮೂರು ಪ್ರೊಪೆಲರ್. ಟರ್ಬೈನ್‌ಗಳ ಬಿಸಿ ಹೊಗೆ ದೋಣಿಯ ಹಿಂಬದಿಯ ಮೂರು ದೊಡ್ಡ ಕಂಡಿಗಳ ಮೂಲಕ ಹೊರಬೀಳುತ್ತಿತ್ತು. ಇದೇ ಪ್ರೋಟಿಯಸ್ ಎಂಜಿನ್ 1964ರಲ್ಲಿ, ಮಾಲ್ಕಮ್ ಕ್ಯಾಂಪ್‌ಬೆಲ್ಲರ ಮಗ ಡೊನಾಲ್ಡ್ ಕ್ಯಾಂಪ್‌ಬೆಲ್ ಆಸ್ಟ್ರೇಲಿಯದ ಲೇಕ್ ಐರ್‌ನ ಒಣ ಉಪ್ಪುನೆಲದ ಮೇಲೆ ಗಂಟೆಗೆ 403 ಮೈಲಿ ವೇಗದಲ್ಲಿ ಓಡಿಸಿದ ಕಾರಿನಲ್ಲಿಯೂ ಇತ್ತು. ಮುಂದೆ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿಸುತ್ತಿದ್ದ ದೈತ್ಯ ಹೋವರ್‌ಕ್ರಾಫ್ಟ್‌ಗಳಿಗೂ ಅದೇ ಎಂಜಿನ್ ಬಲ ಕೊಟ್ಟಿತು. ಆಕಾಶ, ನೆಲ, ನೀರು ಮೂರರಲ್ಲೂ ದುಡಿದ ಇಂಥ ಎಂಜಿನ್‌ಗಳು ಹೆಚ್ಚಿಲ್ಲ.

ಅನಿಲ ಟರ್ಬೈನಿನ ಅನುಕೂಲಗಳು ಸ್ಪಷ್ಟವಾಗಿದ್ದವು. ಪೆಟ್ರೋಲಿನ ಅಪಾಯವಿಲ್ಲ. ತಣ್ಣಗಿರುವ ಎಂಜಿನನ್ನು ಕೆಲವೇ ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ತರಬಹುದು. ಕೆಟ್ಟರೆ ಇಡೀ ಎಂಜಿನನ್ನೇ ಎತ್ತಿ ಹೊರತೆಗೆದು ಬೇರೊಂದನ್ನು ಇಳಿಸಬಹುದು, ಏಕೆಂದರೆ ಅದರ ತೂಕ ಅಷ್ಟು ಕಡಿಮೆ. ಅನನುಕೂಲಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಟರ್ಬೈನ್ ಅಗಾಧ ಪ್ರಮಾಣದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಕಡಲ ಗಾಳಿಯಲ್ಲಿ ಉಪ್ಪಿರುತ್ತದೆ. ಆ ಉಪ್ಪು ಅಲಗುಗಳ ಮೇಲೆ ಕೂತು ಎಂಜಿನಿನ ಕಸುವನ್ನು ಕುಂದಿಸುತ್ತದೆ. ಆದ್ದರಿಂದ ಗಾಳಿಯನ್ನು ಸೋಸುವ ವ್ಯವಸ್ಥೆ, ಸಿಹಿನೀರಿನಿಂದ ಆಗಾಗ ತೊಳೆಯುವ ಕೆಲಸ ಇವು ತಪ್ಪಿದ್ದಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ ಇಂಧನದ ದಾಹ. ಡೀಸೆಲ್ ಎಂಜಿನ್ ನಿಧಾನಗತಿಯಲ್ಲಿ ಮಿತವ್ಯಯಿಯಾಗಿರುತ್ತದೆ. ಟರ್ಬೈನ್ ಹಾಗಲ್ಲ, ಅರ್ಧ ಶಕ್ತಿಯಲ್ಲಿ ಓಡಿಸಿದರೂ ಅದರ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಗಸ್ತು ದೋಣಿಯ ಬದುಕಿನ ಬಹುಪಾಲು ಕಾದು ನಿಲ್ಲುವುದರಲ್ಲಿ, ಮೆಲ್ಲನೆ ಸುತ್ತುವುದರಲ್ಲಿ, ಬಂದರಿನೊಳಗೆ ತಿರುಗುವುದರಲ್ಲಿ ಕಳೆಯುತ್ತದೆ. ಆ ಹೊತ್ತಿನಲ್ಲೆಲ್ಲ ಬ್ರೇವ್ ದೋಣಿ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ದುಡಿಯಬೇಕಾಗಿತ್ತು.

ಪ್ರೊಪೆಲರ್‌ನ ಸಮಸ್ಯೆ

ಎಂಜಿನ್ ಶಕ್ತಿಯನ್ನು ಕೊಟ್ಟರೂ ಅದನ್ನು ನೀರಿಗೆ ದಾಟಿಸುವುದು ಬೇರೆಯೇ ಸಮಸ್ಯೆಯಾಗಿತ್ತು. ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ವೇಗವಾಗಿ ತಿರುಗುವ ಪ್ರೊಪೆಲರ್‌ನ ಅಲಗಿನ ಹಿಂಭಾಗದಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತದೆ: ಅಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ತಣ್ಣನೆಯ ಕಡಲ ನೀರೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಈ ಗುಳ್ಳೆಗಳು ಮರುಕ್ಷಣವೇ ಅಲಗಿನ ಮೇಲೆ ಕುಸಿದು ಒಡೆಯುವಾಗ ಸುತ್ತಿಗೆಯಿಂದ ಬಡಿದಂತೆ ಲೋಹವನ್ನು ಕಿತ್ತುಹಾಕುತ್ತವೆ. ಇದನ್ನು ಕ್ಯಾವಿಟೇಶನ್ ಎನ್ನುತ್ತಾರೆ. 50 ನಾಟ್ ಮೀರಿದ ವೇಗದಲ್ಲಿ ಇದನ್ನು ತಪ್ಪಿಸುವುದು ಅಸಾಧ್ಯಪ್ರಾಯ.

ತಪ್ಪಿಸಲಾಗದಿದ್ದರೆ ಒಪ್ಪಿಕೊಂಡು ಪಳಗಿಸುವುದು ವಾಸ್ಪರ್ ಹಿಡಿದ ದಾರಿ. ಗುಳ್ಳೆಯು ಅಲಗಿನ ಹಿಂಭಾಗವನ್ನು ಪೂರ್ತಿಯಾಗಿ ಆವರಿಸಿ, ಅಲಗನ್ನು ದಾಟಿದ ಮೇಲೆ ಹಿಂದಿನ ನೀರಿನಲ್ಲಿ ಒಡೆಯುವಂತೆ ಪ್ರೊಪೆಲರ್‌ನ ಆಕಾರವನ್ನು ಬದಲಿಸಲಾಯಿತು. ಗುಳ್ಳೆ ಒಡೆಯುವ ಜಾಗದಲ್ಲಿ ಲೋಹವೇ ಇಲ್ಲದಿದ್ದರೆ ಸವೆತವೂ ಇಲ್ಲ. ನ್ಯೂಟನ್ ಮತ್ತು ರೇಡರ್ ಎಂಬ ತಜ್ಞರು 1961ರಲ್ಲಿ ಪ್ರಕಟಿಸಿದ ವೇಗದ ಪ್ರೊಪೆಲರ್‌ಗಳ ಮಾಹಿತಿ ಇಂದಿಗೂ ಅವರ ಹೆಸರಿನಲ್ಲಿಯೇ ನೌಕಾ ವಿನ್ಯಾಸಕಾರರ ಬಳಕೆಯಲ್ಲಿದೆ. ಬ್ರೇವ್ ಕಾಲದ ಈ ಕೆಲಸ ದೋಣಿಗಳಿಗಿಂತ ಹೆಚ್ಚು ಕಾಲ ಬಾಳಿತು ಎನ್ನಬಹುದು.

ಶಸ್ತ್ರಾಸ್ತ್ರ

ಟಾರ್ಪಿಡೊ ದೋಣಿಯಾಗಿ ಸಜ್ಜಾದಾಗ ಬ್ರೇವ್ ನಾಲ್ಕು 533 ಮಿ.ಮೀ. ಟಾರ್ಪಿಡೊಗಳನ್ನೂ ಒಂದು 40 ಮಿ.ಮೀ. ಬೋಫೋರ್ಸ್ ಫಿರಂಗಿಯನ್ನೂ ಹೊರುತ್ತಿತ್ತು. ಗನ್ ದೋಣಿಯಾದಾಗ ಎರಡು ಬೋಫೋರ್ಸ್, ಎರಡು ಟಾರ್ಪಿಡೊ. ಟಾರ್ಪಿಡೊಗಳಿಗೆ ಕೊಳವೆಗಳಿರಲಿಲ್ಲ. ಅವು ದೋಣಿಯ ಅಂಚಿನ ತೊಟ್ಟಿಲುಗಳ ಮೇಲೆ ಮಲಗಿದ್ದು, ಆಜ್ಞೆ ಬಂದೊಡನೆ ಪಕ್ಕಕ್ಕೆ ಉರುಳಿ ನೀರಿಗೆ ಬೀಳುತ್ತಿದ್ದವು. ಕೊಳವೆಯ ತೂಕ ಉಳಿಸಲು ಇದಕ್ಕಿಂತ ಸರಳವಾದ ಉಪಾಯವಿಲ್ಲ.

ಸೇವೆ

ಬ್ರೇವ್ ದೋಣಿಗಳು ಇನ್ನೂ ಕಟ್ಟೆಯ ಮೇಲಿರುವಾಗಲೇ ಅವುಗಳ ಭವಿಷ್ಯ ನಿರ್ಧಾರವಾಗಿಬಿಟ್ಟಿತ್ತು. ರಕ್ಷಣಾ ಸಚಿವ ಡಂಕನ್ ಸ್ಯಾಂಡಿಸ್ 1957ರಲ್ಲಿ ಮಂಡಿಸಿದ ಶ್ವೇತಪತ್ರವು ಅಣ್ವಸ್ತ್ರ ಮತ್ತು ಕ್ಷಿಪಣಿಗಳ ಮೇಲೆ ಭರವಸೆಯಿಟ್ಟು ಸಾಂಪ್ರದಾಯಿಕ ಪಡೆಗಳನ್ನು ಕಡಿತಗೊಳಿಸಿತು. ಯುದ್ಧಕಾಲದಲ್ಲಿ ನೂರಾರು ದೋಣಿಗಳಿದ್ದ ಕರಾವಳಿ ಪಡೆ ವಿಸರ್ಜನೆಯಾಯಿತು. ಗಾಸ್ಪೋರ್ಟ್‌ನಲ್ಲಿದ್ದ ಅದರ ನೆಲೆ ‘ಹಾರ್ನೆಟ್’ ಮುಚ್ಚಿತು. ಹೀಗಾಗಿ ಬ್ರೇವ್ ಬಾರ್ಡರರ್ ನೀರಿಗಿಳಿದಾಗ ಅದು ಸೇರಬೇಕಿದ್ದ ಪಡೆಯೇ ಇರಲಿಲ್ಲ. ಹೆಚ್ಚಿನ ದೋಣಿಗಳ ನಿರ್ಮಾಣ ನಡೆಯಲಿಲ್ಲ. ಎರಡೂ ದೋಣಿಗಳು ಒಂದು ದಶಕದಷ್ಟು ಕಾಲ ಸೇವೆಯಲ್ಲಿದ್ದು 1970ರ ಹೊತ್ತಿಗೆ ನಿವೃತ್ತವಾದವು. ಅವುಗಳ ನಂತರ ಬಂದ ಸಿಮಿಟರ್ ವರ್ಗದ ಮೂರು ದೋಣಿಗಳು ತರಬೇತಿಗಷ್ಟೇ ಮೀಸಲಾಗಿದ್ದು ಶಸ್ತ್ರರಹಿತವಾಗಿದ್ದವು.

ರಾಜಕೀಯ ನಿರ್ಧಾರವನ್ನು ಮಾತ್ರ ದೂರುವುದು ಪೂರ್ಣ ಚಿತ್ರವಾಗದು. ಟಾರ್ಪಿಡೊ ದೋಣಿಯ ತರ್ಕವೇ ಆಗ ಕುಸಿಯುತ್ತಿತ್ತು. ಟಾರ್ಪಿಡೊ ಬಿಡಬೇಕಾದರೆ ಶತ್ರುವಿಗೆ ತೀರ ಹತ್ತಿರ ಹೋಗಬೇಕು. ಹತ್ತಿರ ಹೋಗಿ ಬದುಕಿ ಬರಬೇಕಾದರೆ ವೇಗ ಬೇಕು. ರಾಡಾರ್ ಸುಧಾರಿಸಿದಂತೆ ಕತ್ತಲೆಯ ಮರೆ ಇಲ್ಲವಾಯಿತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಕೋಮಾರ್ ವರ್ಗದ ಸಣ್ಣ ದೋಣಿಗಳು ಸೋವಿಯತ್ ಕ್ಷಿಪಣಿಗಳಿಂದ ಇಸ್ರೇಲಿನ ಐಲಾಟ್ ಹಡಗನ್ನು ಮುಳುಗಿಸಿದವು. 1971ರ ಡಿಸೆಂಬರ್ 4ರ ರಾತ್ರಿ ಭಾರತೀಯ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಎಂಬ ಓಸಾ ವರ್ಗದ ಕ್ಷಿಪಣಿ ದೋಣಿಗಳು ಕರಾಚಿಯ ಹೊರಗಡಲಿನಲ್ಲಿ ಪಾಕಿಸ್ತಾನದ ಖೈಬರ್ ಹಡಗನ್ನೂ ಮುಹಾಫಿಜ್ ಎಂಬ ಸಿಡಿಗುಂಡು ಶೋಧಕ ನೌಕೆಯನ್ನೂ ಮುಳುಗಿಸಿದವು. ಆ ಓಸಾ ದೋಣಿಗಳ ವೇಗ ಬ್ರೇವ್‌ಗಿಂತ ಬಹಳ ಕಡಿಮೆ. ದೋಣಿ ಓಡಬೇಕಾದ ದೂರವನ್ನು ಕ್ಷಿಪಣಿಯೇ ಓಡುವಾಗ 52 ನಾಟ್‌ಗಾಗಿ ಮೂರು ವಿಮಾನ ಎಂಜಿನ್‌ಗಳ ಖರ್ಚನ್ನು ಹೊರುವ ಅಗತ್ಯ ಉಳಿಯಲಿಲ್ಲ.

ಇತರ ದೇಶಗಳ ಸೋದರ ದೋಣಿಗಳು

ಬ್ರಿಟನ್ ಕೈಬಿಟ್ಟ ವಿನ್ಯಾಸವನ್ನು ವಾಸ್ಪರ್ ಹೊರದೇಶಗಳಿಗೆ ಮಾರಿತು. ಡೆನ್ಮಾರ್ಕ್ ಆರು ಸಲೋವೆನ್ ವರ್ಗದ ದೋಣಿಗಳನ್ನು ಹೊಂದಿತು. ಮೊದಲೆರಡನ್ನು ವಾಸ್ಪರ್, ಉಳಿದ ನಾಲ್ಕನ್ನು ಕೋಪನ್‌ಹೇಗನ್‌ನ ನೌಕಾ ಕಟ್ಟೆ ನಿರ್ಮಿಸಿತು. ಮಲೇಷ್ಯಾದ ಪೆರ್ಕಾಸ ವರ್ಗದಲ್ಲಿ ನಾಲ್ಕು, ಲಿಬಿಯದ ಸೂಸಾ ವರ್ಗದಲ್ಲಿ ಮೂರು ದೋಣಿಗಳಿದ್ದವು. ಪಶ್ಚಿಮ ಜರ್ಮನಿ ಕೊಂಡ ಎರಡು ದೋಣಿಗಳು ಮುಂದೆ ಗ್ರೀಸಿಗೆ ಹೋದವು.

ಈ ಸೋದರ ದೋಣಿಗಳಲ್ಲಿ ಆದ ಒಂದು ಬದಲಾವಣೆ ಮೂಲ ದೋಣಿಯ ಕೊರತೆಯನ್ನು ಎತ್ತಿ ತೋರಿಸುತ್ತದೆ. ಡೆನ್ಮಾರ್ಕ್ ಮತ್ತು ಮಲೇಷ್ಯಾಗಳ ದೋಣಿಗಳಲ್ಲಿ ಮೂರು ಪ್ರೋಟಿಯಸ್‌ಗಳ ಜೊತೆಗೆ ಎರಡು ಸಣ್ಣ ಡೀಸೆಲ್ ಎಂಜಿನ್‌ಗಳನ್ನೂ ಇಡಲಾಯಿತು. ಸುಮಾರು 10 ನಾಟ್ ವೇಗದಲ್ಲಿ ಮೆಲ್ಲನೆ ಸಾಗಲು, ಬಂದರಿನಲ್ಲಿ ತಿರುಗಲು ಅವು ಸಾಕಿದ್ದವು. ಟರ್ಬೈನ್‌ಗಳು ಅಗತ್ಯ ಬಿದ್ದಾಗ ಮಾತ್ರ ಎಚ್ಚರಗೊಳ್ಳುತ್ತಿದ್ದವು. ಲಿಬಿಯದ ದೋಣಿಗಳು ಟಾರ್ಪಿಡೊಗಳ ಬದಲು ಫ್ರೆಂಚ್ ನಿರ್ಮಿತ ಎಸ್‌ಎಸ್ 12 ಕ್ಷಿಪಣಿಗಳನ್ನು ಹೊತ್ತವು.

ವಿಡಿಯೊ ಆಟದಲ್ಲಿ

‘ವಾರ್ ಥಂಡರ್’ ಗೈಜಿನ್ ಎಂಟರ್‌ಟೇನ್‌ಮೆಂಟ್ ಸಂಸ್ಥೆಯ ಬಹುಆಟಗಾರರ ಯುದ್ಧದ ಆಟ. ವಿಮಾನಗಳಿಂದ ಆರಂಭವಾಗಿ ಬಳಿಕ ಟ್ಯಾಂಕ್‌ಗಳನ್ನು ಸೇರಿಸಿಕೊಂಡ ಈ ಆಟಕ್ಕೆ ನೌಕಾಯುದ್ಧವನ್ನು ತರುವುದಾಗಿ 2016ರಲ್ಲಿ ಪ್ರಕಟಿಸಲಾಯಿತು. ಆಗ ನಿರ್ಮಾಪಕರು ಸಣ್ಣ ದೋಣಿಗಳಿಂದ ಪ್ರಾರಂಭಿಸಿದರು. ದೊಡ್ಡ ಯುದ್ಧನೌಕೆಗಳ ಕದನ ನಿಧಾನವಾದುದು, ಸ್ವಲ್ಪ ಹೊತ್ತಿನಲ್ಲಿ ಮುಗಿಯಬೇಕಾದ ಪಂದ್ಯಕ್ಕೆ ಅದು ಒಗ್ಗದು ಎಂಬುದು ಅವರ ವಾದವಾಗಿತ್ತು. ದೊಡ್ಡ ಹಡಗುಗಳನ್ನು ನಿರೀಕ್ಷಿಸಿದ್ದ ಆಟಗಾರರು ಇದನ್ನು ಒಪ್ಪಲಿಲ್ಲ. ಕಾಲಕ್ರಮದಲ್ಲಿ ಅವೂ ಬಂದವು. 2018ರಲ್ಲಿ ಬ್ರಿಟಿಷ್ ನೌಕೆಗಳ ಸಾಲು ಸೇರ್ಪಡೆಯಾಯಿತು. ಈಗ ಆಟದಲ್ಲಿ ಕರಾವಳಿ ನೌಕೆಗಳಿಗೂ ದೊಡ್ಡ ಹಡಗುಗಳಿಗೂ ಪ್ರತ್ಯೇಕ ಸಾಲುಗಳಿವೆ, ಬ್ರೇವ್ ಬಾರ್ಡರರ್ ಮೊದಲನೆಯದರಲ್ಲಿದೆ.

ಆಟದ ನಿಯಮಗಳು ಇಂಥ ದೋಣಿಗೆ ಅನುಕೂಲಕರವಾಗಿವೆ. ನಕ್ಷೆಯ ಮೇಲೆ ಎ, ಬಿ, ಸಿ ಎಂದು ಗುರುತಿಸಿದ ವಲಯಗಳನ್ನು ವಶಪಡಿಸಿಕೊಳ್ಳುವುದು ಪಂದ್ಯದ ಮುಖ್ಯ ಗುರಿಗಳಲ್ಲೊಂದು. ಮೊದಲು ತಲುಪುವವರಿಗೆ ಮೇಲುಗೈ. ಆರ್ಕೇಡ್ ವಿಧಾನದಲ್ಲಿ ಚಲಿಸುವ ಗುರಿಗೆ ಎಷ್ಟು ಮುಂದೆ ಗುಂಡು ಹಾರಿಸಬೇಕು ಎಂಬುದನ್ನು ಪರದೆಯ ಮೇಲಿನ ಗುರುತು ತೋರಿಸುತ್ತದೆ. ಹಾನಿಯ ಲೆಕ್ಕಾಚಾರ ಹೆಚ್ಚು ವಿವರವಾದುದು: ಒಡಲು ವಿಭಾಗಗಳಾಗಿ ಒಡೆದಿರುತ್ತದೆ, ಎಂಜಿನ್, ಚುಕ್ಕಾಣಿ, ಇಂಧನ ತೊಟ್ಟಿಗಳಿಗೆ ಪ್ರತ್ಯೇಕವಾಗಿ ಪೆಟ್ಟು ಬೀಳುತ್ತದೆ, ಸಿಬ್ಬಂದಿಯ ಸಂಖ್ಯೆ ಕರಗುತ್ತಾ ಹೋಗಿ ಮಿತಿ ತಲುಪಿದಾಗ ದೋಣಿ ನಷ್ಟವಾದಂತೆ. ಬೆಂಕಿ ಆರಿಸುವುದು, ನೀರು ಹೊರಹಾಕುವುದು, ದುರಸ್ತಿ ಮಾಡುವುದು ಒಂದೊಂದು ಗುಂಡಿ ಒತ್ತುವಷ್ಟರ ಕೆಲಸ. ಕವಚವಿಲ್ಲದ ಮರದ ಒಡಲು ಎಷ್ಟು ದುರ್ಬಲ ಎಂಬುದನ್ನು ಆಟ ಪ್ರಾಮಾಣಿಕವಾಗಿಯೇ ತೋರಿಸುತ್ತದೆ. ನಿಂತಲ್ಲೇ ನಿಂತು ಗುಂಡು ಹಾರಿಸುವವನು ಅಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ.

ಆದರೆ ಆಟ ಆ ವೇಗವನ್ನು ಇಟ್ಟುಕೊಂಡು ಅದರ ಬೆಲೆಯನ್ನು ಬಿಟ್ಟಿದೆ. ಪಂದ್ಯ ಮುಗಿಯುವ ಮೊದಲು ಇಂಧನ ತೀರುವ ಚಿಂತೆ ಆಟಗಾರನಿಗಿಲ್ಲ. ಟರ್ಬೈನಿನ ಅಲಗುಗಳ ಮೇಲೆ ಉಪ್ಪು ಕೂರುವುದಿಲ್ಲ, ಪ್ರೊಪೆಲರ್ ಸವೆಯುವುದಿಲ್ಲ. ಅಲೆಯಿಂದ ಅಲೆಗೆ ಅಪ್ಪಳಿಸುವ ಒಡಲಿನೊಳಗೆ ಮೊಣಕಾಲು ಮಡಿಸಿ, ಹಲ್ಲು ಕಚ್ಚಿ ನಿಲ್ಲಬೇಕಾದ ಇಪ್ಪತ್ತು ಮಂದಿ ಪರದೆಯ ಮೇಲೆ ಒಂದು ಸಂಖ್ಯೆ ಮಾತ್ರ. ಖಾಲಿಯಾದ ಟಾರ್ಪಿಡೊಗಳು ಮತ್ತೆ ತುಂಬಿಕೊಳ್ಳಬಲ್ಲವು. ನಿಜವಾದ ದೋಣಿಯ ತೊಟ್ಟಿಲಿನಿಂದ ಉರುಳಿದ ಟಾರ್ಪಿಡೊಗೆ ಬದಲಿ ಸಿಗುತ್ತಿದ್ದುದು ಬಂದರಿನಲ್ಲಿ. ಎದುರಾಳಿಗಳ ಆಯ್ಕೆಯೂ ಹೀಗೆಯೇ: ಪಂದ್ಯದ ಸಮತೋಲನಕ್ಕಾಗಿ ಶ್ರೇಣಿಯ ಅಂಕಗಳನ್ನು ನೋಡಿ ನೌಕೆಗಳನ್ನು ಜೋಡಿಸುವುದರಿಂದ ಬೇರೆ ಬೇರೆ ದಶಕಗಳ, ಎಂದೂ ಮುಖಾಮುಖಿಯಾಗದ ದೇಶಗಳ ದೋಣಿಗಳು ಒಂದೇ ಕೊಲ್ಲಿಯಲ್ಲಿ ಸೆಣಸುತ್ತವೆ.

ಇದನ್ನು ಆಟದ ದೋಷವೆನ್ನಲಾಗದು. ಗಂಟೆಗಟ್ಟಲೆ ಕತ್ತಲೆಯಲ್ಲಿ ಕಾದು, ಏನನ್ನೂ ಕಾಣದೆ, ತೊಯ್ದು ತೊಪ್ಪೆಯಾಗಿ ಬಂದರಿಗೆ ಮರಳುವ ಆಟವನ್ನು ಆಡುವವರು ವಿರಳ. ಆದರೆ ಆಟದಿಂದ ಈ ದೋಣಿಯ ಪರಿಚಯವಾದವರಿಗೆ ಒಂದು ತಪ್ಪು ಅಭಿಪ್ರಾಯ ಮೂಡುವ ಸಾಧ್ಯತೆಯಿದೆ: ಇಷ್ಟು ಸಮರ್ಥವಾದ ದೋಣಿಯನ್ನು ಎರಡಕ್ಕೇ ನಿಲ್ಲಿಸಿದ್ದು ಬ್ರಿಟಿಷ್ ಸರ್ಕಾರದ ಅವಿವೇಕವೆಂದು. ಆಟದಲ್ಲಿ ಗೆಲುವು ತರುವ ಹತ್ತಿರದ ಓಟವೇ ನಿಜದ ಕಡಲಿನಲ್ಲಿ ಕ್ಷಿಪಣಿಗಳ ಮುಂದೆ ನಿರುಪಯುಕ್ತವಾಗುತ್ತಿತ್ತು ಎಂಬುದು ಪರದೆಯ ಮೇಲೆ ಕಾಣುವುದಿಲ್ಲ.

ಉಳಿದಿರುವ ದೋಣಿ

ಬ್ರೇವ್ ಕುಟುಂಬದ ದೋಣಿಯನ್ನು ಕಣ್ಣಾರೆ ನೋಡಬಯಸುವವರು ಡೆನ್ಮಾರ್ಕಿನ ಆಲ್ಬೋರ್ ನಗರಕ್ಕೆ ಹೋಗಬಹುದು. ಸಲೋವೆನ್ ವರ್ಗದ ಸಬ್ಯೋರ್ನೆನ್ ಎಂಬ ದೋಣಿಯನ್ನು ಅಲ್ಲಿಯ ನೌಕಾ ಸಂಗ್ರಹಾಲಯದಲ್ಲಿ ಉಳಿಸಿಕೊಳ್ಳಲಾಗಿದೆ.